ಕೋಲು ಏನಂತು?

ಈ ಬರಹದ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನಾಗ ಐದನೇ ಕ್ಲಾಸಿನಲ್ಲಿದ್ದೆ ಎಂದುಕೊಂಡಿದ್ದೇನೆ. ಅಮ್ಮ ನಾಲ್ಕನೆಯದು ಎನ್ನುತ್ತಾಳೆ. ಅತ್ತೆ ಆವತ್ತು ಉಟ್ಟಿದ್ದ ಸೀರೆ ನನ್ನ ಕಣ್ಣಿಗೆ ಇವತ್ತಿಗೂ ಕಡುನೀಲಿ. ಅಮ್ಮನ ಪ್ರಕಾರ ಅಂಥ ಸೀರೆ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಅಣ್ಣನನ್ನು ಕೇಳಿದರೆ ಅವನಿಗೆ ನೆನಪಿರುವುದು ದಾರಿಯಲ್ಲಿ ತಿಂದ ಬಾಳೆಹಣ್ಣು ಮಾತ್ರ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ಸಾಕ್ಷಿಗಳನ್ನು ಹೇಗೆ ತೂಗಿ ನೋಡಬೇಕೆಂದು ಎರಡು ವರ್ಷ ಓದಿದ್ದೇನೆ. ನಮ್ಮ ಮನೆಯ ಸಾಕ್ಷಿಗಳ ಮುಂದೆ ಆ ಓದು ಯಾವತ್ತೂ ಕೆಲಸಕ್ಕೆ ಬಂದಿಲ್ಲ.

ಇದೆಲ್ಲ ಈಗ ಯಾಕೆಂದರೆ, ನನ್ನ ವ್ಯಾನಿಟಿ ಬ್ಯಾಗು ಡೀಸೆಲ್ ನಾರುತ್ತಿದೆ. ಹದಿನೈದು ದಿನವಾಯಿತು, ಬಿಸಿಲಿಗೆ ಹಾಕಿದೆ, ಒಳಗೆ ಕರ್ಪೂರ ಇಟ್ಟೆ, ಹೋಗಲಿಲ್ಲ. ಪೆಟ್ರೋಲಿನ ವಾಸನೆ ಮರ್ಯಾದಸ್ಥ ನೆಂಟನ ಹಾಗೆ, ಒಂದು ಲೋಟ ಕಾಫಿ ಕುಡಿದು ಎದ್ದು ಹೋಗುತ್ತದೆ. ಡೀಸೆಲ್ ಹಾಗಲ್ಲ, ಹಾಸಿಗೆ ಸುತ್ತಿಕೊಂಡೇ ಬರುತ್ತದೆ. ಇವತ್ತು ಬೆಳಿಗ್ಗೆ ಕಡೂರಿನ ಬಸ್ಸಿನಲ್ಲಿ ಟಿಕೆಟ್ಟಿಗೆಂದು ಬ್ಯಾಗಿನ ಜಿಪ್ಪು ಎಳೆದರೆ ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು, ‘ಏನಮ್ಮಾ, ಟ್ರ್ಯಾಕ್ಟರ್ ಇಟ್ಕೊಂಡಿದೀಯಾ ಅದ್ರೊಳಗೆ?’ ಎಂದರು. ನಿಜ ಹೇಳಬೇಕೆಂದರೆ ಇಟ್ಟುಕೊಂಡಿದ್ದದ್ದು ಎರಡು ಬೆರಳು ಉದ್ದದ ಒಂದು ಬಿದಿರಿನ ತುಂಡು. ಅದರ ಕತೆ ಹೇಳಬೇಕಾದರೆ ನಮ್ಮ ಪಿಕಪ್ಪಿನಿಂದ ಶುರು ಮಾಡಬೇಕು.

ಚೌಳಹಿರಿಯೂರಿನಿಂದ ಸ್ವಲ್ಪ ಆಚೆ ನಮ್ಮ ಊರು. ತೆಂಗಿನ ತೋಟ, ಒಂದಿಷ್ಟು ಖುಷ್ಕಿ ಜಮೀನು. ಕಾಯಿ, ಕೊಬ್ಬರಿ ಸಾಗಿಸಲೆಂದು ಅಪ್ಪ ಬೀರೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಈ ಗಾಡಿ ತಂದಿದ್ದ. ಮುಂದೆ ಜೀಪಿನ ಮೂತಿ, ಹಿಂದೆ ತೆರೆದ ತೊಟ್ಟಿ. ಅದರ ಡೀಸೆಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೆ. ಡೀಸೆಲ್ ಹಾಕಿಸಬೇಕೆಂದರೆ ಅಪ್ಪ ಇಳಿದು, ಸೀಟು ಮೇಲೆತ್ತಿ, ಮುಚ್ಚಳ ತಿರುಗಿಸಬೇಕು. ಬಂಕಿನಲ್ಲಿ ಅದನ್ನು ನೋಡಿದವರೆಲ್ಲ, ಕೋಳಿ ಮೊಟ್ಟೆ ಮೇಲೆ ಕೂತ ಹಾಗೆ ಕೂತಿದ್ದೀರಲ್ಲ ಎಂದು ನಗುತ್ತಿದ್ದರಂತೆ.

ಗಾಡಿ ಮಾರಿದವರು ಪ್ರಾಮಾಣಿಕರು. ಕೀ ಕೈಗೆ ಕೊಡುವಾಗಲೇ, ‘ಯಜಮಾನ್ರೆ, ಡೀಸೆಲ್ ಮೀಟರ್ ಮುಳ್ಳು ಮಾತ್ರ ನಂಬ್ಬೇಡಿ. ಟ್ಯಾಂಕ್ ತುಂಬಿದ್ರೂ ಅರ್ಧ ತೋರುಸ್ತದೆ, ಖಾಲಿಯಾದ್ರೂ ಅರ್ಧ ತೋರುಸ್ತದೆ’ ಎಂದಿದ್ದರು. ರಿಪೇರಿ ಮಾಡಿಸುವ ಬದಲು ಅಪ್ಪ ಆ ಕೆಲಸವನ್ನು ತನ್ನ ತಂಗಿಗೆ ವಹಿಸಿದ. ಅವಳೇ ನಮ್ಮ ಗಿರಿಜತ್ತೆ. ಆಗ ಅವಳಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಮನೆಯಲ್ಲಿ ಯಾವ ವಸ್ತು ಕೆಟ್ಟರೂ ಮೊದಲು ಅವಳ ಕೈಗೇ ಹೋಗುತ್ತಿತ್ತು.

ಅತ್ತೆ ಒಂದು ಮೊಳ ಉದ್ದದ ಬಿದಿರಿನ ದಬ್ಬೆ ಹೆರೆದು ನಯ ಮಾಡಿದಳು. ಬುಡ ಸೀಳದಿರಲೆಂದು ಅದಕ್ಕೆ ತಾಮ್ರದ ತಂತಿ ಬಿಗಿಯಾಗಿ ಸುತ್ತಿದಳು. ಆಮೇಲೆ ಒಂದು ತಿಂಗಳು, ಗಾಡಿ ಎಲ್ಲಿಗೆ ಹೋಗಿ ಬಂದರೂ ಮೊದಲೊಮ್ಮೆ ಆಮೇಲೊಮ್ಮೆ ಟ್ಯಾಂಕಿಗೆ ಕೋಲು ಇಳಿಸಿ, ಒಂದು ಕಡೆಗೆ ಎಷ್ಟು ಖರ್ಚಾಯಿತೆಂದು ನೋಡಿ, ಕಾಸಿದ ಮೊಳೆಯಿಂದ ಗೆರೆ ಸುಟ್ಟಳು. ಲೀಟರಿನ ಗೆರೆಗಳಲ್ಲ, ಊರಿನ ಗೆರೆಗಳು. ಬುಡದ ತಂತಿಯ ಮೇಲೆ ‘ಅ’: ಅಜ್ಜಂಪುರ ಮುಟ್ಟಲು ಇಷ್ಟು ಸಾಕು. ಅದರ ಮೇಲೆ ‘ಕ’: ಕಡೂರು. ಅದರ ಮೇಲೆ ‘ತ’: ತರೀಕೆರೆ. ಅದಕ್ಕಿಂತ ದೂರ ನಮಗೆ ಆಗ ಕೆಲಸವಿರಲಿಲ್ಲ.

ಗಾಡಿ ಹೊರಡುವ ಮುಂಚೆ ಅತ್ತೆ ಕೋಲು ಇಳಿಸುವಳು. ಅಪ್ಪ ಜಗಲಿಯಿಂದಲೇ ಕೂಗುವನು, ‘ಕೋಲು ಏನಂತು?’

‘ಕಡೂರು ಅಂತು!’

ಅಷ್ಟೇ. ಅದರ ಮೇಲೆ ಚರ್ಚೆಯಿಲ್ಲ. ಅಪ್ಪ ಯಾರ ಮಾತನ್ನೂ ಒಂದೇ ಸಲಕ್ಕೆ ಒಪ್ಪಿದವನಲ್ಲ, ಬ್ಯಾಂಕಿನವರು ಹೇಳಿದ್ದನ್ನು ಮಠದಲ್ಲಿ ಕೇಳಿ, ಮಠದಲ್ಲಿ ಹೇಳಿದ್ದನ್ನು ಮತ್ತೆ ಅಮ್ಮನಲ್ಲಿ ಕೇಳುವವನು. ಆದರೆ ಕೋಲಿನ ಮಾತಿಗೆ ಎದುರಾಡುತ್ತಿರಲಿಲ್ಲ. ಕ್ರಮೇಣ ಇಡೀ ಮನೆಯೇ ಊರುಗಳಲ್ಲಿ ಅಳೆಯತೊಡಗಿತು. ಹೇಳದೆ ನೆಂಟರು ಬಂದರೆ ಅಮ್ಮ ಪಾತ್ರೆಯ ಮುಚ್ಚಳ ತೆಗೆದು ನೋಡಿ, ‘ಸಾರು ಕಡೂರಿನವರೆಗೂ ಬತ್ತದೆ, ತರೀಕೆರೆ ಮುಟ್ಟಲ್ಲ’ ಎಂದು ಪಿಸುಗುಡುವಳು. ನಾವು ಮಕ್ಕಳು ಒಂದೇ ಸಲ ಬಡಿಸಿಕೊಂಡು ಏಳಬೇಕೆಂದು ಅದರ ಅರ್ಥ. ಕೊಬ್ಬರಿ ಹೇರಿ ಬಂದ ಸಂಜೆ ಅಪ್ಪ ಕಂಬಕ್ಕೊರಗಿ, ‘ನಂಗಿವತ್ತು ಅಜ್ಜಂಪುರದಷ್ಟೂ ಇಲ್ಲ ಕಣೇ’ ಎನ್ನುವನು. ಇಂಥ ಮನೆಯಲ್ಲಿ ಬೆಳೆದ ನನಗೆ ಮುಂದೆ ಹಾಸ್ಟೆಲಿನಲ್ಲಿ ‘ಇನ್ನೆಷ್ಟು ಅನ್ನ ಬೇಕು?’ ಎಂದು ಕೇಳಿದಾಗ ‘ಬೀರೂರಿನಷ್ಟು’ ಎಂದು ಹೇಳಿ ನಗೆಪಾಟಲಾದದ್ದು ಬೇರೆ ಮಾತು.

ಈಗ ಆ ದಿನಕ್ಕೆ ಬರುತ್ತೇನೆ. ಅತ್ತೆಗೆ ತರೀಕೆರೆಯ ಒಂದು ಸಂಬಂಧ ಕೂಡಿಬಂದಿತ್ತು. ಹುಡುಗನಿಗೆ ಸರ್ಕಾರಿ ಕೆಲಸ, ಮನೆ ಒಳ್ಳೆಯದು, ನಮ್ಮವರೇ. ಹುಡುಗನ ಅಜ್ಜಿ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ಕಣ್ಣಾರೆ ಹುಡುಗಿಯನ್ನು ನೋಡಿ ಆಮೇಲೇ ವೀಳ್ಯ ಎಂದು ಆಕೆ ಹಟ ಹಿಡಿದಿದ್ದರಿಂದ ನಾವೇ ಅಲ್ಲಿಗೆ ಹೊರಟಿದ್ದೆವು. ರಾಹುಕಾಲಕ್ಕೆ ಮುಂಚೆ ವೀಳ್ಯ ಬದಲಾಯಿಸಿ ಮಾತು ಮುಗಿಸಬೇಕು. ಅಪ್ಪ ತೊಟ್ಟಿಗೆ ಬೆಂಚು ಏರಿಸಿ ಹಗ್ಗ ಬಿಗಿಯುತ್ತಿದ್ದ. ಅಮ್ಮ ಹಣ್ಣುಕಾಯಿ ತಟ್ಟೆ ಜೋಡಿಸುತ್ತಿದ್ದಳು. ಅತ್ತೆ ಕೋಲು ಹಿಡಿದುಕೊಂಡು ಬಂದು ನನ್ನನ್ನು ಕರೆದಳು.

‘ಲೇ ಪುಟ್ಟಿ, ಸೀರೆಗೆ ಡೀಸೆಲ್ ಆಗ್ತದೆ. ಇವತ್ತು ನೀನೇ ನೋಡು.’

ಕೋಲು ಅಲ್ಲಿಯವರೆಗೆ ನನಗೆ ಮುಟ್ಟಲೂ ಸಿಕ್ಕಿರಲಿಲ್ಲ. ಗಾಡಿ ಹತ್ತಿ, ಅತ್ತೆ ಎತ್ತಿ ಹಿಡಿದ ಸೀಟಿನ ಕೆಳಗೆ, ಉಸಿರು ಬಿಗಿಹಿಡಿದು ಕೋಲು ಇಳಿಸಿದೆ. ಬುಡ ತಗಡಿಗೆ ತಾಗಿದ ಸದ್ದು ಕೇಳಿದ ಮೇಲೆ ಮೇಲೆತ್ತಿದೆ. ‘ತ’ ಗೆರೆಯವರೆಗೂ ಒದ್ದೆಯಾಗಿತ್ತು. ಇದರಲ್ಲಿ ನನಗೆ ಅನುಮಾನವಿಲ್ಲ ಎಂದು ಬರೆಯಹೊರಟೆ, ಬೇಡ. ಆ ಅನುಮಾನದಲ್ಲೇ ನಾನು ಬಹಳ ವರ್ಷ ಬದುಕಿದ್ದೇನೆ.

‘ಕೋಲು ಏನಂತು?’ ಎಂದ ಅಪ್ಪ.

‘ತರೀಕೆರೆ!’ ಎಂದು ಊರಿಗೆಲ್ಲ ಕೇಳುವಂತೆ ಕೂಗಿದೆ.

ಅಜ್ಜಂಪುರದಲ್ಲಿ ಬಂಕಿನ ಮುಂದೆಯೇ ಹಾದುಹೋದೆವು. ‘ಒಂದ್ ಐದ್ ಲೀಟ್ರಾದ್ರೂ ಹಾಕಿಸ್ಕೊಳ್ರೀ’ ಎಂದಳಂತೆ ಅಮ್ಮ. ‘ಕೋಲು ಹೇಳೈತಲ್ಲ, ಸುಮ್ನಿರು, ಹೊತ್ತಾಗ್ತದೆ’ ಎಂದನಂತೆ ಅಪ್ಪ. ಅಲ್ಲಿಂದ ಮುಂದೆ ಸ್ವಲ್ಪ ದೂರದಲ್ಲಿ ಗಾಡಿ ಎರಡು ಸಲ ಬಿಕ್ಕಳಿಸಿ ನಿಂತುಬಿಟ್ಟಿತು. ಡೀಸೆಲ್ ಗಾಡಿ ಖಾಲಿಯಾಗಿ ನಿಂತರೆ ಡೀಸೆಲ್ ಸುರಿದ ಮಾತ್ರಕ್ಕೆ ಹೊರಡುವುದಿಲ್ಲ. ಪೈಪಿನೊಳಗೆ ಗಾಳಿ ಸೇರಿರುತ್ತದೆ, ನಟ್ಟು ಸಡಿಲಿಸಿ, ಪಂಪು ಒತ್ತಿ ಒತ್ತಿ ಅದನ್ನು ಹೊರಗೆ ಬಿಡಬೇಕು. ಯಾರೋ ಪುಣ್ಯಾತ್ಮರು ಸೈಕಲ್ಲಿನಲ್ಲಿ ಕ್ಯಾನು ಕಟ್ಟಿಕೊಂಡು ಹೋಗಿ ಡೀಸೆಲ್ ತಂದರು. ಅಪ್ಪನ ಬಳಿ ಸರಿಯಾದ ಸ್ಪ್ಯಾನರ್ ಇರಲಿಲ್ಲ. ಬಿಳಿ ಪಂಚೆಯಲ್ಲಿ ಗಾಡಿಯ ಮುಂದೆ ಬಗ್ಗಿದವನು ನೆಟ್ಟಗಾಗುವಷ್ಟರಲ್ಲಿ ರಾಹುಕಾಲ ಬಂದು, ಕೂತು, ಎದ್ದು ಹೋಗಿತ್ತು.

ಅತ್ತೆ ಮೋರಿಯ ಕಟ್ಟೆ ಮೇಲೆ ಕೂತು, ಗಂಡಿನ ಮನೆಗೆಂದು ಜೋಡಿಸಿದ್ದ ತಟ್ಟೆಯಿಂದ ಒಂದು ಬಾಳೆಹಣ್ಣು ಮುರಿದು ಸುಲಿದಳು. ‘ಏನ್ ಹುಡ್ಗಿಯೇ ನೀನು, ಅದು ಅವ್ರ ಮನೇದು!’ ಎಂದಳು ಅಮ್ಮ. ‘ಅವ್ರ ಮನೆ ಮುಟ್ದಾಗ ಅವ್ರದ್ದು ಅತ್ಗೆ, ಈಗಿನ್ನೂ ನಮ್ದೇ’ ಎಂದು ಅತ್ತೆ ಅಣ್ಣನಿಗೂ ಒಂದು ಕೊಟ್ಟಳು. ನನಗೂ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ. ಗಾಡಿಯ ಹಿಂದೆ ನಿಂತು ಅಳುತ್ತಿದ್ದೆ. ಅಪ್ಪ ನನ್ನನ್ನು ಬೈಯಲಿಲ್ಲ. ಕೋಲನ್ನು ಮಾತ್ರ ತೆಗೆದು ಹೊಲದ ಕಡೆಗೆ ಬೀಸಿ ಎಸೆದ. ಬೈದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ತರೀಕೆರೆಯಲ್ಲಿ ಆ ಅಜ್ಜಿ ಕಾದು ಕಾದು ಮಲಗಿದ್ದರು. ಎದ್ದ ಮೇಲೆ, ಮೊದಲ ದಾರಿಯಲ್ಲೇ ನಿಂತುಹೋದ ಹೆಣ್ಣು ಬೇಡ ಎಂದರಂತೆ. ಅವರ ಮನೆಯವರು ಸೌಮ್ಯವಾಗಿ, ‘ಆಮೇಲೆ ಹೇಳಿ ಕಳುಸ್ತೀವಿ’ ಎಂದು ಉಪ್ಪಿಟ್ಟು ಕೊಟ್ಟು ಕಳಿಸಿದರು. ಹೇಳಿ ಕಳುಹಿಸಲಿಲ್ಲ. ಆ ವರ್ಷವೇ ಅತ್ತೆ ಟಿ.ಸಿ.ಎಚ್. ಓದಲು ಹೋದಳು, ಟೀಚರಾದಳು, ಅಜ್ಜಂಪುರದ ಸುತ್ತಿನ ಶಾಲೆಗಳಲ್ಲಿ ಪಾಠ ಮಾಡಿ ರಿಟೈರಾದಳು. ಮದುವೆಯಾಗಲಿಲ್ಲ.

ಇದರ ಜೊತೆಗೆ ನನಗೊಂದು ಬಿರುದು ಬಂತು. ಮದುವೆ ಮನೆಗಳಲ್ಲಿ ಯಾರಾದರೂ ನನ್ನ ಕೈಗೆ ಸೇರು, ಪಾವು ಕೊಟ್ಟರೆ, ‘ಅಯ್ಯೋ, ಅವ್ಳ ಕೈಗೆ ಅಳತೆ ಕೊಡ್ಬ್ಯಾಡ್ರಪ್ಪಾ, ತರೀಕೆರೆ ಅಂತಾಳೆ, ಅಜ್ಜಂಪುರದಲ್ಲಿ ನಿಲ್ಲುಸ್ತಾಳೆ!’ ಎಂದು ನಗುವರು. ಅವರಿಗದು ತಮಾಷೆ. ನನಗೆ, ಒಬ್ಬಳ ಸಂಸಾರವನ್ನೇ ನಾನು ತಪ್ಪು ಓದಿ ಹಾಳು ಮಾಡಿದೆ ಎಂಬ ತೀರ್ಪು. ನೀವು ನಗಬಹುದು, ಆದರೆ ಇವತ್ತಿಗೂ ನಾನು ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ನೋಡುತ್ತೇನೆ. ಕಾಲೇಜಿನಲ್ಲಿ ಉತ್ತರಪತ್ರಿಕೆಯ ಅಂಕಗಳನ್ನು ಮೇಲಿನಿಂದೊಮ್ಮೆ ಕೆಳಗಿನಿಂದೊಮ್ಮೆ ಕೂಡುತ್ತೇನೆ. ಡೈರಿ ಬರೆಯುವುದೂ ಅದೇ ಭಯಕ್ಕೆ: ಇನ್ನೊಮ್ಮೆ ಯಾರಾದರೂ ‘ನೀನೇ ನೋಡಿದ್ದಲ್ವಾ?’ ಎಂದರೆ ತೋರಿಸಲು ಏನಾದರೂ ಇರಲಿ ಎಂದು.

ಮೈಸೂರಿನ ಹಾಸ್ಟೆಲಿನಲ್ಲಿದ್ದಾಗ ಒಮ್ಮೆ ಧೈರ್ಯ ಮಾಡಿ ಅತ್ತೆಗೆ ಪತ್ರ ಬರೆದೆ. ನಾಲ್ಕು ಪುಟ. ‘ನಾನು ಸರಿಯಾಗಿ ನೋಡಿದ್ದರೆ ನಿನ್ನ ಬಾಳು ಬೇರೆಯಾಗಿರುತ್ತಿತ್ತು, ಕ್ಷಮಿಸು’ ಎಂದೆಲ್ಲ. ಇದು ನೆನಪಲ್ಲ, ದಾಖಲೆ. ಯಾಕೆಂದರೆ ಅತ್ತೆ ನನ್ನ ಪತ್ರವನ್ನೇ ವಾಪಸು ಕಳಿಸಿದ್ದಳು, ಎರಡು ಕಡೆ ಕೆಂಪು ಶಾಯಿಯಲ್ಲಿ ತಪ್ಪು ತಿದ್ದಿ. ಕೊನೆಯಲ್ಲಿ, ‘ಅಕ್ಷರ ಸುಧಾರಿಸಿದೆ. ಹಾಲು ಕುಡಿ’ ಎಂದಿತ್ತು. ಕ್ಷಮೆಯ ವಿಷಯಕ್ಕೆ ಒಂದಕ್ಷರವಿಲ್ಲ. ಅವಳಿಗೆ ಎಷ್ಟು ನೋವಾಗಿದ್ದರೆ ಆ ಮಾತನ್ನೇ ಮುಟ್ಟುವುದಿಲ್ಲ ಎಂದುಕೊಂಡು ಮತ್ತೊಮ್ಮೆ ಅತ್ತುಬಿಟ್ಟೆ.

ಅಪ್ಪ ಹೋದ ಮೇಲೆ ಪಿಕಪ್ಪು ಅಣ್ಣನದಾಯಿತು. ಹೊಸ ಗಾಡಿ ಬಂದರೂ ಇದನ್ನು ಅವನು ಮಾರಲಿಲ್ಲ. ಹೊಲ ತೋಟಕ್ಕೆ ಇರಲಿ ಎಂದ. ಏರು ಹತ್ತುವಾಗ ಅದಕ್ಕೊಂದು ಕೆಮ್ಮು ಬರುತ್ತದೆ. ಅಪ್ಪ ಅದನ್ನು ‘ಗಾಡಿಯ ದಮ್ಮು’ ಎನ್ನುತ್ತಿದ್ದ. ಹದಿನೈದು ದಿನದ ಹಿಂದೆ ಟ್ಯಾಂಕು ಸೋರಿ ಸೀಟಿನ ಕೆಳಗೆ ಡೀಸೆಲ್ ತೊಟ್ಟಿಕ್ಕತೊಡಗಿದಾಗ ಅಣ್ಣ ಟ್ಯಾಂಕು, ಮೀಟರು ಎರಡನ್ನೂ ಬದಲಾಯಿಸುವುದೆಂದು ತೀರ್ಮಾನಿಸಿ, ಶಿವಮೊಗ್ಗದಿಂದ ಹೊಸದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡ. ಕಾಲೇಜಿಗೆ ರಜೆಯಿತ್ತು, ತರೀಕೆರೆಯ ಗ್ಯಾರೇಜಿಗೆ ನಾನೂ ಜೊತೆಗೆ ಹೋದೆ.

ಮೆಕ್ಯಾನಿಕ್ ಇಮ್ತಿಯಾಜ್ ನಮ್ಮ ಗಾಡಿಯ ಹಳೆಯ ವೈದ್ಯ. ಬ್ಯಾಟರಿ ವೈರು ಬಿಚ್ಚಿ, ಸೀಟು ತೆಗೆದು, ಉಳಿದಿದ್ದ ಡೀಸೆಲನ್ನು ಕ್ಯಾನಿಗೆ ಇಳಿಸಿ, ಪಟ್ಟಿ ಸಡಿಲಿಸಿ ಟ್ಯಾಂಕನ್ನು ಮಗು ಎತ್ತಿದಂತೆ ಎತ್ತಿ ನೆಲಕ್ಕಿಟ್ಟರು. ಮೇಲಿನ ಸ್ಕ್ರೂ ಬಿಚ್ಚಿ ಫ್ಲೋಟು ಎಳೆದು ತೋರಿಸಿದರು. ಡೀಸೆಲ್ ಏರಿದಂತೆ ಏರಿ, ಇಳಿದಂತೆ ಇಳಿದು ಮುಳ್ಳಿಗೆ ಸುದ್ದಿ ಮುಟ್ಟಿಸಬೇಕಾದ ತೇಲುವ ಡಬ್ಬಿ ಅದು. ಅದರ ಕೈ ತುಕ್ಕು ಹಿಡಿದು ನಡುವೆಯೇ ಸೆಟೆದು ನಿಂತಿತ್ತು.

‘ಮುಳ್ಳಿನ ತಪ್ಪೇನಿಲ್ಲ ಮೇಡಂ. ಒಳಗಿನವ್ನು ಹೇಳಿದ್ದನ್ನ ಅದು ಹೊರಗೆ ಹೇಳ್ತಾ ಇತ್ತು ಅಷ್ಟೆ’ ಎಂದರು. ಆಮೇಲೆ ಟ್ಯಾಂಕನ್ನು ಬೋರಲು ಹಾಕಿ ಬಡಿದರು. ತುಕ್ಕಿನ ಹಕ್ಕಳೆ, ಕೆಸರು, ಮತ್ತಷ್ಟು ಕೆಸರು ಬಿತ್ತು. ‘ಏನಣ್ಣಾ, ಒಳಗೆ ಒಂದು ಹೊಲಾನೇ ಇಟ್ಟಿದೀರಾ, ರಾಗಿ ಬಿತ್ಬೋದು’ ಎಂದು ಅಣ್ಣನನ್ನು ರೇಗಿಸಿದರು. ಆಗ ಟಣ್ ಎಂದು ಇನ್ನೊಂದು ಬಿತ್ತು. ಒರೆಸಿ ನೋಡಿ, ‘ಇದೇ ನೋಡಿ ನಿಮ್ಮ ಗಾಡಿ ಕೆಮ್ಮು. ಏರಿನಲ್ಲಿ ಜಾರ್ಕೊಂಡು ಹೋಗಿ ಪೈಪಿನ ಬಾಯಿಗೆ ಅಡ್ಡ ಕೂರ್ತಿತ್ತು. ಟ್ಯಾಂಕಿಗೆ ಕಡ್ಡಿ ಹಾಕಿದ್ಯಾರು?’ ಎಂದರು.

ಕಪ್ಪಗೆ ನೆನೆದ ಬಿದಿರಿನ ತುಂಡು. ಎರಡು ಬೆರಳು ಉದ್ದ. ಅದಕ್ಕೆ ಸುತ್ತಿದ ತಾಮ್ರದ ತಂತಿ ಸ್ವಲ್ಪ ಹಸಿರಾಗಿತ್ತು. ಒಂದು ತುದಿ ಸಾವಿರ ಸಲ ತಗಡಿಗೆ ತಾಗಿ ಮೊಂಡಾಗಿತ್ತು. ಇನ್ನೊಂದು ತುದಿ ಓರೆಯಾಗಿ, ಒಂದೇ ಏಟಿಗೆ, ನುಣ್ಣಗೆ ಕಡಿದದ್ದು.

ಅದನ್ನು ಅಂಗೈಯಲ್ಲಿಟ್ಟುಕೊಂಡು ಗ್ಯಾರೇಜಿನ ಟೈರಿನ ಮೇಲೆ ಕೂತೆ. ನಿಧಾನವಾಗಿ ಲೆಕ್ಕ ಹಾಕಿದೆ, ನೀವೂ ಹಾಕಿ ನೋಡಿ. ಕೋಲಿನ ಬುಡ ಎರಡು ಬೆರಳು ಹೋದರೆ ಗೆರೆಗಳೆಲ್ಲ ಎರಡು ಬೆರಳು ಕೆಳಗಿಳಿಯುತ್ತವೆ. ಟ್ಯಾಂಕಿನಲ್ಲಿ ಅಜ್ಜಂಪುರಕ್ಕಿಂತ ಸ್ವಲ್ಪ ಹೆಚ್ಚು ಇದ್ದರೂ ಸಾಕು, ಕೋಲು ತರೀಕೆರೆ ಎನ್ನುತ್ತದೆ. ನಾನು ಓದಿದ್ದು ಸರಿಯಾಗಿತ್ತು. ಕೋಲೇ ಮೋಟಾಗಿತ್ತು.

ಬೇರೆ ಸಾಧ್ಯತೆಗಳನ್ನೂ ಯೋಚಿಸಿದೆ, ಓದಿದ ಚಟ. ತಾನಾಗಿ ಮುರಿದಿದ್ದರೆ ತುದಿ ಸಿಬಿರಾಗಿರಬೇಕಿತ್ತು. ಅಪ್ಪ ಕಡಿದಿದ್ದರೆ ಹೊಸ ಗೆರೆ ಹಾಕಿಸದೆ ಬಿಡುತ್ತಿರಲಿಲ್ಲ. ಅಣ್ಣ, ‘ಬಿಡೇ, ಯಾವ್ದೋ ಹಳೇ ಕಡ್ಡಿ’ ಎಂದು ಹೊಸ ಮೀಟರಿನ ಮುಂದೆ ಕೂತ. ಇಮ್ತಿಯಾಜ್ ಹೊಸ ಫ್ಲೋಟನ್ನು ಕೈಯಿಂದ ಎತ್ತಿ ಇಳಿಸಿದಂತೆಲ್ಲ ಮುಳ್ಳು ಏರಿ ಇಳಿಯಿತು. ನಲವತ್ತು ವರ್ಷದಲ್ಲಿ ಮೊದಲ ಸಲ ಅದು ಅಲುಗಿದ್ದು ಕಂಡು ಅಣ್ಣ, ‘ಇನ್ನೊಂದ್ಸಲ, ಇನ್ನೊಂದ್ಸಲ’ ಎಂದು ಮಕ್ಕಳಂತೆ ಮಾಡಿಸಿದ.

ವಾಪಸು ಬರುವಾಗ ಅಜ್ಜಂಪುರದಲ್ಲಿ ಅತ್ತೆಯ ಮನೆ ಮುಂದೆ ನಿಲ್ಲಿಸಲು ಹೇಳಿದೆ. ಅಣ್ಣ ಹೊರಗೆ ಪಕ್ಕದ ಮನೆಯವರಿಗೆ ಮೀಟರು ತೋರಿಸುತ್ತ ನಿಂತ. ಅತ್ತೆ ಕಾಫಿ ತಂದಿಟ್ಟಳು. ನಾನು ಬ್ಯಾಗಿನಿಂದ ತುಂಡು ತೆಗೆದು ಲೋಟದ ಪಕ್ಕದಲ್ಲಿಟ್ಟೆ.

‘ಇದೆಲ್ಲಿತ್ತೇ?’

‘ಟ್ಯಾಂಕಿನೊಳಗೆ.’

ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿದಳು. ‘ತಂತಿ ನೋಡು, ಒಂದು ಸುತ್ತೂ ಸಡ್ಲ ಆಗಿಲ್ಲ. ಸುತ್ತಿದ್ದು ಯಾರು ಹೇಳು?’ ಎಂದು ಹೆಮ್ಮೆಪಟ್ಟಳು.

‘ಕಡಿದಿದ್ದು ಯಾರು ಅತ್ತೆ?’

‘ನಾನೇ.’

ಅಷ್ಟು ಸುಲಭವಾಗಿ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಕಾರಣವನ್ನೂ ನಾನು ಕೇಳಬೇಕಾಗಲಿಲ್ಲ. ಅವಳೇ ಹೇಳಿದಳು.

‘ಟಿ.ಸಿ.ಎಚ್. ಸೀಟಿನ ಕಾಗ್ದ ಬಂದು ಎಂಟು ದಿನ ಆಗಿತ್ತು ಕಣೇ. ನಿಮ್ಮಪ್ಪ ಓದಿ, ಮಡ್ಚಿ, ಕ್ಯಾಲೆಂಡ್ರು ಹಿಂದೆ ಸಿಗ್ಸಿದ್ದ. ಮದ್ವೆ ಆಗ್ಲಿ, ಅವ್ರು ಕಳ್ಸಿದ್ರೆ ಓದು ಅಂದ. ಎರಡ್ ಸಲ ಹೇಳ್ದೆ, ಮೂರು ಸಲ ಹೇಳ್ದೆ. ಕೆಟ್ಟೋನಲ್ಲ ನಿಮ್ಮಪ್ಪ. ಆದ್ರೆ ನಾನು ಹೇಳಿದ್ರೆ ಅವ್ನಿಗೆ ಕೇಳುಸ್ತಿರ್ಲಿಲ್ಲ, ಕೋಲು ಹೇಳಿದ್ರೆ ಕೇಳ್ತಿದ್ದ. ಅದ್ಕೇ ಕೋಲಿನ ಕೈಲಿ ಹೇಳ್ಸ್ದೆ. ಕಾಯಿ ಮಚ್ಚಲ್ಲಿ ಒಂದೇ ಏಟು. ತುಂಡನ್ನ ಒಲೆಗೆ ಹಾಕಾಣ ಅಂದ್ರೆ ಒಲೆ ಮುಂದೆ ನಿಮ್ಮಮ್ಮ ಕೂತವ್ಳೆ. ಸೀಟು ಎತ್ತಿ ಟ್ಯಾಂಕಿಗೇ ಹಾಕ್ಬಿಟ್ಟೆ. ಅಲ್ಲಿ ಯಾರು ನೋಡ್ತಾರೆ?’

ಹೇಳಿ ಜೋರಾಗಿ ನಕ್ಕಳು. ನಾನೂ ನಕ್ಕೆ. ಮೋರಿಕಟ್ಟೆಯ ಮೇಲೆ ಬಾಳೆಹಣ್ಣು ಸುಲಿಯುತ್ತಿದ್ದವಳ ಮುಖ ಮೊದಲ ಸಲ ನನಗೆ ಸ್ಪಷ್ಟವಾಗಿ ಕಂಡಿತು. ಅದು ಹಾಳಾದ ಬಾಳಿನ ಮುಖವಾಗಿರಲೇ ಇಲ್ಲ. ನಾನು ಅವಳಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ. ಅವಳಿಗೆ ಬೇಕಾದ್ದನ್ನು ಅವಳು ತನ್ನ ಕೈಯಾರೆ ಪಡೆದಿದ್ದಳು, ಅದು ಸರಿಯೂ ಆಗಿತ್ತು. ನನಗೆ ಅಂಥ ಎದೆ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ನಲವತ್ತು ವರ್ಷದ ಒಂದು ಭಾರ ಹೀಗೆ ಕಾಫಿ ಲೋಟದ ಪಕ್ಕ ಇಳಿದು ಹೋಯಿತಲ್ಲ ಎಂದು ಮೈ ಹಗುರಾಯಿತು.

ಆ ಹಗುರ ಒಂದು ಗುಟುಕು ಕಾಫಿಯಷ್ಟು ಹೊತ್ತು ಉಳಿಯಿತು. ಆಮೇಲೆ ನಾಲ್ಕು ಪುಟದ ಆ ಪತ್ರ ನೆನಪಾಯಿತು. ಎರಡು ಕೆಂಪು ಗೆರೆ, ‘ಹಾಲು ಕುಡಿ.’ ಅವಳು ಅದನ್ನು ಓದಿದ್ದಳು. ಪ್ರತಿ ಸಾಲನ್ನೂ, ತಪ್ಪು ಹುಡುಕುವಷ್ಟು ಗಮನವಿಟ್ಟು, ಓದಿದ್ದಳು.

ನಾನು ಕೇಳಿದೆ. ಅತ್ತೆ ನಗುವುದನ್ನು ನಿಲ್ಲಿಸಿ ಕನ್ನಡಕ ತೆಗೆದಳು, ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಳ್ಳಲಿಲ್ಲ. ‘ಕಾಫಿ ಆರ್ತಾ ಐತೆ ಕುಡಿ’ ಎಂದಳು. ಹೊರಗೆ ಅಣ್ಣ ಹಾರ್ನ್ ಹೊಡೆದ.

ಆಮೇಲೆ ಎರಡು ಸಲ ಫೋನು ಮಾಡಿದ್ದಾಳೆ. ದಾಸವಾಳಕ್ಕೆ ಹುಳ ಬಿದ್ದದ್ದು, ಪಿಂಚಣಿ ಆಫೀಸಿನ ಸರ್ವರ್ ಡೌನ್ ಆಗಿದ್ದು, ಎಲ್ಲ ಹೇಳಿದ್ದಾಳೆ. ನಿನ್ನೆ ಮಾತಿನ ನಡುವೆ ನಾನು ಮತ್ತೆ ಅದನ್ನೇ ಕೇಳಿದಾಗ ‘ಇರು, ಬತ್ತೀನಿ’ ಎಂದು ಫೋನನ್ನು ಎಲ್ಲೋ ಇಟ್ಟಳು, ಆದರೆ ಕಟ್ ಮಾಡಲಿಲ್ಲ. ಅವಳು ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆಗಳನ್ನು ಆಚೆ ಈಚೆ ಸರಿಸುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನಾನೂ ಕಟ್ ಮಾಡದೆ ಕಾದೆ. ಎರಡೂ ಸಲ ನಾನು ಅವಳನ್ನು ಕೇಳಿದ್ದು ಇಷ್ಟೇ:

‘ಕಡಿದಿದ್ದು ಸರಿ ಅತ್ತೆ. ಆದ್ರೆ ಅವತ್ತು ಆ ಕೋಲನ್ನ ನನ್ನ ಕೈಗೇ ಯಾಕೆ ಕೊಟ್ಟೆ?’